25 ಸಾವಿರದೊಳಗೆ ಆರ್‌ಸಿ ಟ್ಯಾಂಕ್: ಪೂರ್ತಿ ಮೆಟಲ್‌ದೇ ತಗೊಳ್ಳಲಾ, ಪ್ಲಾಸ್ಟಿಕ್ ತಗೊಂಡು ಮೆಟಲ್ ಟ್ರ್ಯಾಕ್ ಹಾಕಲಾ?

ರಿಮೋಟಿನಲ್ಲಿ ಓಡಿಸುವ (ಆರ್‌ಸಿ) ಮಾದರಿ ಟ್ಯಾಂಕನ್ನು 25 ಸಾವಿರದೊಳಗೆ ತಗೊಳ್ಳಬೇಕು, ಮೆಟಲ್ಲಾ ಪ್ಲಾಸ್ಟಿಕ್ಕಾ ಅಂತ ಕೇಳಿದ್ದೀರಿ. ಎರಡನೇ ಮಹಾಯುದ್ಧದ ಜರ್ಮನ್ ಟ್ಯಾಂಕ್ ಟೈಗರಿನ ಪ್ಲಾಸ್ಟಿಕ್ ಮಾಡೆಲ್, ಅದರ ಗಾಲಿಗಳ ಸುತ್ತ ಓಡುವ ಕೊಂಡಿಗಳ ಪಟ್ಟಿಗೆ, ಅಂದರೆ ಟ್ರ್ಯಾಕಿಗೆ, ಮೆಟಲ್‌ದೇ ಹಾಕುವ ಆಸೆ, ಜೊತೆಗೆ "ಟ್ರ್ಯಾಕ್ ಜೋತು ಬಿದ್ದಿರೋದು ನೋಡೋಕೆ ಚೆನ್ನಾಗಿಲ್ಲ" ಅಂತ ಬೇಜಾರು ಬೇರೆ. ನಿಮ್ಮ ಪ್ರಶ್ನೆ ಓದಿದಾಗ 2019ರ ನನ್ನನ್ನೇ ಯಾರೋ ತಂದು ಎದುರಿಗೆ ಕೂರಿಸಿದ ಹಾಗಾಯಿತು. ಯಾವುದು ತಗೊಳ್ಳಬೇಕು ಅನ್ನುವುದು ಆಮೇಲೆ. ನಾನು ಹೇಗೆ ಕೈ ಸುಟ್ಟುಕೊಂಡೆ ಅಂತ ಮೊದಲು ಕೇಳಿ.

ನಮ್ಮದು ಬಂಗಾರಪೇಟೆ. ಕೆಲಸ ಬೆಂಗಳೂರಿನಲ್ಲಿ, ದಿನಾ ಟ್ರೈನು. ಸೀಟು ಸಿಗದ ದಿನ ಬಾಗಿಲ ಹತ್ತಿರ ನಿಂತು ಫೋನಿನಲ್ಲಿ ಟ್ಯಾಂಕ್ ವಿಡಿಯೋ ನೋಡಿ ನೋಡಿ ಹುಚ್ಚು ಹಿಡಿಯಿತು. ಕೊನೆಗೆ 1/16 ಸ್ಕೇಲಿನ, ಅಂದರೆ ನಿಜವಾದದ್ದರ ಹದಿನಾರರಲ್ಲಿ ಒಂದು ಪಾಲು ಉದ್ದದ ಟೈಗರ್ ತರಿಸಿಯೇಬಿಟ್ಟೆ. ಗನ್ ಸೇರಿಸಿದರೆ ಅರ್ಧ ಮೀಟರಿಗಿಂತ ಸ್ವಲ್ಪ ಜಾಸ್ತಿ ಉದ್ದ. ಮನೆಯಲ್ಲಿ ನಾಲ್ಕು ಸಾವಿರ ಅಂತ ಹೇಳಿದ್ದೆ. "ರೀ, ಇಷ್ಟು ದೊಡ್ಡ ಡಬ್ಬ, ನಾಲ್ಕೇ ಸಾವಿರಾನಾ?" ಅಂದಳು ಹೆಂಡತಿ. ಆಫರ್ ಇತ್ತು ಅಂದೆ. ಆ ಸುಳ್ಳು ಎಷ್ಟು ದಿನ ಬಾಳಿತು ಅಂತ ಮುಂದೆ ಗೊತ್ತಾಗುತ್ತದೆ.

ಟ್ಯಾಂಕ್ ಚೆನ್ನಾಗಿಯೇ ಇತ್ತು. ಯಾವ ಕಂಪನಿ ಅಂತ ಹೇಳುವುದಿಲ್ಲ, ಯಾಕಂದರೆ ತಪ್ಪು ಅದರದ್ದಲ್ಲ. ಇಂಜಿನ್ ಸದ್ದಿಗೆ ಒಳಗೆ ಸ್ಪೀಕರ್, ಹಿಂದಿನ ಸೈಲೆನ್ಸರಿನಿಂದ ಹೊಗೆ, ಸಣ್ಣ ಪ್ಲಾಸ್ಟಿಕ್ ಗುಂಡು ಹಾರಿಸುವ ಗನ್, ಎಲ್ಲಾ ಇತ್ತು. ಆದರೆ ಮೂರೇ ವಾರಕ್ಕೆ ನನಗೆ ಪ್ಲಾಸ್ಟಿಕ್ ಟ್ರ್ಯಾಕ್ ಆಟದ ಸಾಮಾನಿನ ಥರ ಕಾಣಿಸತೊಡಗಿತು. ಮೆಟಲ್ ಟ್ರ್ಯಾಕ್ ಒಂದು ಜೊತೆ ತರಿಸಿದೆ. ಒಂದೊಂದು ಕೊಂಡಿಗೂ ಒಂದೊಂದು ಪಿನ್ನು. ಕೈಯಲ್ಲಿ ಹಿಡಿದರೆ ತಣ್ಣಗೆ, ಭಾರವಾಗಿ, ಆಹಾ! ಅಡುಗೆಮನೆ ತಕ್ಕಡಿಯಲ್ಲಿ ಇಟ್ಟು ನೋಡಿದ್ದೂ ಉಂಟು. ಗೇರ್‌ಬಾಕ್ಸು ಹಳೆಯದೇ, ಒಳಗೆ ಪ್ಲಾಸ್ಟಿಕ್ ಹಲ್ಲಿನ ಗೇರು. ಸ್ಪ್ರಾಕೆಟ್ಟೂ, ಅಂದರೆ ಟ್ರ್ಯಾಕನ್ನು ತಿರುಗಿಸುವ ಹಲ್ಲಿನ ಗಾಲಿಯೂ, ಪ್ಲಾಸ್ಟಿಕ್ಕೇ. ಅವುಗಳ ಯೋಚನೆಯೇ ನನಗೆ ಬರಲಿಲ್ಲ, ಗೇರಂತೂ ಹೊರಗೆ ಕಾಣುವುದಿಲ್ಲವಲ್ಲ!

ಈಗ ಬಂತು ನೋಡಿ ಆ ತಪ್ಪು. ಹೊಸ ಟ್ರ್ಯಾಕ್ ಹಾಕಿದಾಗ ಮೇಲಿನ ಭಾಗ ಗಾಲಿಗಳ ಮೇಲೆ ಜೋಲಾಡಿತು. ನನಗೆ ಸಹಿಸಲಾಗಲಿಲ್ಲ. ಒಂದು ಕೊಂಡಿ ತೆಗೆದೆ. ಆಮೇಲೆ ಐಡ್ಲರನ್ನು, ಅಂದರೆ ಟೈಗರಿನಲ್ಲಿ ಹಿಂದೆ ಇರುವ, ಟ್ರ್ಯಾಕನ್ನು ಎಳೆದು ಹಿಡಿಯುವ ಗಾಲಿಯನ್ನು, ಆದಷ್ಟೂ ಹಿಂದಕ್ಕೆ ತಳ್ಳಿ ಸ್ಕ್ರೂ ಬಿಗಿದೆ. ಬೆರಳಿನಿಂದ ಮೀಟಿದರೆ ಟಣ್ ಅನ್ನಬೇಕು, ಹಾಗೆ. ನನ್ನ ತಲೆಯಲ್ಲಿ ಬಿಗಿ ಅಂದರೆ ಗಟ್ಟಿ, ಸಡಿಲ ಅಂದರೆ ಕೆಟ್ಟ ಕೆಲಸ.

ಅದರಿಂದ ಏನೇನಾಯಿತು ಅಂತ ಬಿಡಿಸಿ ಹೇಳುತ್ತೇನೆ, ಇಲ್ಲಿ ಅವಸರ ಮಾಡಬೇಡಿ. ಟ್ರ್ಯಾಕ್ ಬಿಗಿಯಾದರೆ ಅದು ಸ್ಪ್ರಾಕೆಟ್ಟನ್ನೂ ಐಡ್ಲರನ್ನೂ ಇಡೀ ಹೊತ್ತು ಒಂದರ ಕಡೆಗೆ ಇನ್ನೊಂದನ್ನು ಎಳೆಯುತ್ತಿರುತ್ತದೆ. ಟ್ಯಾಂಕ್ ಸುಮ್ನೆ ನಿಂತಿದ್ದರೂ ಎಳೆತ ಇದ್ದೇ ಇರುತ್ತದೆ. ಆಕ್ಸಲನ್ನು ಹಿಡಿದಿರುವ ಬಳೆ (ಬುಶ್) ಒಂದು ಕಡೆಗೆ ಒತ್ತಿಕೊಂಡು ತಿಕ್ಕಾಟ ಹೆಚ್ಚುತ್ತದೆ. ಪ್ಲಾಸ್ಟಿಕ್ ತಳ ಸ್ವಲ್ಪ ಬಾಗುತ್ತದೆ, ಐಡ್ಲರ್ ಸೊಟ್ಟಗಾಗುತ್ತದೆ. ನೇರ ಹೋಗುವಾಗ ಇದೆಲ್ಲ ಹೇಗೋ ನಡೆಯುತ್ತದೆ. ತಿರುಗಿಸುವಾಗಲೇ ತೊಂದರೆ. ಟ್ಯಾಂಕಿಗೆ ಕಾರಿನ ಹಾಗೆ ಸ್ಟೀರಿಂಗ್ ಇಲ್ಲ. ಒಂದು ಟ್ರ್ಯಾಕ್ ನಿಧಾನ, ಇನ್ನೊಂದು ಜೋರು, ಅಷ್ಟೇ. ತಿರುಗುವಾಗ ಎರಡೂ ಟ್ರ್ಯಾಕ್ ನೆಲದ ಮೇಲೆ ಅಡ್ಡಡ್ಡ ಉಜ್ಜಿಕೊಂಡು ಹೋಗಬೇಕು. ನುಣುಪಾದ ಟೈಲ್ಸ್ ಮೇಲಾದರೆ ಜಾರುತ್ತದೆ. ನಾನು ಓಡಿಸಿದ್ದು ಮಹಡಿಯ ಮೇಲೆ, ಒರಟು ಸಿಮೆಂಟು.

ಮೋಟರಿನ ಕಥೆಯೂ ಕೇಳಿ. ತಿರುಗುತ್ತಿರುವ ಮೋಟರ್ ತಾನೇ ಸ್ವಲ್ಪ ವೋಲ್ಟೇಜನ್ನು ಎದುರು ದಿಕ್ಕಿಗೆ ಹುಟ್ಟಿಸುತ್ತದೆ, ಅದರಿಂದ ಕರೆಂಟು ಹದ್ದುಬಸ್ತಿನಲ್ಲಿ ಇರುತ್ತದೆ. ಮೋಟರ್ ನಿಂತುಬಿಟ್ಟರೆ ಆ ತಡೆ ಇಲ್ಲ. ಬ್ಯಾಟರಿ ಎಷ್ಟು ಕೊಡಬಲ್ಲದೋ ಅಷ್ಟೂ ಕರೆಂಟು ಮೋಟರನ್ನು ನಡೆಸುವ ಸರ್ಕ್ಯೂಟ್ ಬೋರ್ಡಿನ ಮೂಲಕ ನುಗ್ಗುತ್ತದೆ. ನನ್ನ ಟ್ಯಾಂಕ್ ಪ್ರತಿ ತಿರುವಿನಲ್ಲೂ ಒಂದು ಕ್ಷಣ ಮುಕ್ಕರಿಸಿ ನಿಲ್ಲುತ್ತಿತ್ತು. ನಾನೇನು ಅಂದುಕೊಂಡೆ ಗೊತ್ತಾ? ಬ್ಯಾಟರಿಗೆ ತಾಕತ್ತಿಲ್ಲ! ಡಬ್ಬದ ಜೊತೆ ಬಂದಿದ್ದ 7.2 ವೋಲ್ಟಿನ ನಿಕಲ್ ಬ್ಯಾಟರಿ ತೆಗೆದಿಟ್ಟು, ಎಸ್‌ಪಿ ರೋಡಿಗೆ ಹೋಗಿ 7.4 ವೋಲ್ಟಿನ ಲಿಪೋ, ಅಂದರೆ ಲಿಥಿಯಂ ಪಾಲಿಮರ್ ಬ್ಯಾಟರಿ ತಂದೆ. ವೋಲ್ಟೇಜಿನ ಅಂಕಿ ನೋಡಿದರೆ ಎರಡಕ್ಕೂ ಏನೂ ವ್ಯತ್ಯಾಸ ಇಲ್ಲ ಅನ್ನಿಸುತ್ತದೆ. ಆದರೆ ಫುಲ್ ಚಾರ್ಜ್ ಆದ ಲಿಪೋ 8.4 ವೋಲ್ಟ್ ಇರುತ್ತದೆ, ಮತ್ತು ಅದು ಕೇಳಿದಷ್ಟು ಕರೆಂಟನ್ನು ಹಿಂದೆಮುಂದೆ ನೋಡದೆ ಸುರಿಯುತ್ತದೆ. ಹಳೇ ಬ್ಯಾಟರಿ ಸುಸ್ತಾಗಿ ಬೋರ್ಡನ್ನು ಕಾಪಾಡುತ್ತಿತ್ತು ಅಂತ ನನಗೆ ಆಗ ಗೊತ್ತಿರಲಿಲ್ಲ.

ಆವತ್ತು ಭಾನುವಾರ. ಅಕ್ಕನ ಮಗ ಬಂದಿದ್ದ. ಸ್ಪೀಕರ್ ಸೌಂಡು ಫುಲ್ ಇಟ್ಟಿದ್ದೆ, ಹುಡುಗನಿಗೆ ತೋರಿಸಬೇಕಲ್ಲ. ಒಳಗೆ ಗೇರಿನ ಹಲ್ಲು ಕಟಕಟ ಅಂತ ಜಾರುತ್ತಿದ್ದದ್ದು ಆ ಸದ್ದಿನಲ್ಲಿ ಕೇಳಿಸಲೇ ಇಲ್ಲ. ನೀರಿನ ಟ್ಯಾಂಕಿನ ಹತ್ತಿರ ತಿರುಗಿಸಿದೆ, ನಿಂತಿತು, ಇನ್ನೂ ಜೋರಾಗಿ ಸ್ಟಿಕ್ ಒತ್ತಿದೆ. ಹೊಗೆ ಬಂತು. "ಮಾಮಾ, ಹೊಗೆ ಸೂಪರ್!" ಅಂತ ಹುಡುಗ ಕುಣಿದ. ನಾನೂ ಖುಷಿಯಾಗಿ ನೋಡುತ್ತಾ ನಿಂತೆ. ಹೊಗೆ ಹಿಂದಿನ ಸೈಲೆನ್ಸರಿನಿಂದ ಬರುತ್ತಿಲ್ಲ, ಗನ್ ಹೊತ್ತು ತಿರುಗುವ ಗೋಪುರದ (ಟರೆಟ್) ಕೆಳಗಿನ ಸಂದಿಯಿಂದ ಬರುತ್ತಿದೆ ಅಂತ ಹೊಳೆಯುವ ಹೊತ್ತಿಗೆ ಬೋರ್ಡು ಕರಕಲು. ಬಿಚ್ಚಿ ನೋಡಿದರೆ ಎಡಗಡೆ ಗೇರ್‌ಬಾಕ್ಸಿನಲ್ಲಿ ಒಂದು ಗೇರಿನ ಹಲ್ಲು ಸಾಲಾಗಿ ಸವೆದು ಹೋಗಿದ್ದವು, ಬೊಚ್ಚು ಬಾಯಿಯ ಹಾಗೆ.

ಹೊಸ ಬೋರ್ಡು, ಹೊಸ ಗೇರ್‌ಬಾಕ್ಸು ಆರ್ಡರ್ ಹಾಕಿದೆ. ಪಾರ್ಸೆಲ್ಲು ಬಂದಾಗ ನಾನು ಟ್ರೈನಿನಲ್ಲಿದ್ದೆ. ಕ್ಯಾಶ್ ಆನ್ ಡೆಲಿವರಿ. ದುಡ್ಡು ಕೊಟ್ಟವಳು ಹೆಂಡತಿ. "ನಾಲ್ಕು ಸಾವಿರದ ಟ್ಯಾಂಕಿಗೆ ಏಳು ಸಾವಿರದ ರಿಪೇರಿನಾ?" ಅಂತ ಒಂದೇ ಪ್ರಶ್ನೆ. ಆ ರಾತ್ರಿ ನನ್ನ ಊಟದ ತಟ್ಟೆಯನ್ನು ನಾನೇ ಬಡಿಸಿಕೊಂಡೆ.

ನನ್ನ ಕಣ್ಣು ತೆರೆಸಿದ್ದು ಪಕ್ಕದ ಮನೆಯ ಯಜಮಾನರು. ಕೆಜಿಎಫ್‌ನ ಬೆಮೆಲ್‌ನಲ್ಲಿ ಬುಲ್ಡೋಜರ್ ಕೆಲಸ ಮಾಡಿ ರಿಟೈರ್ ಆದವರು. ನಾನು ಜಗಲಿಯಲ್ಲಿ ಟ್ಯಾಂಕ್ ಬಿಚ್ಚಿಕೊಂಡು ಕೂತಿದ್ದಾಗ ಬಂದು, ಇನ್ನೂ ಬಿಚ್ಚದ ಬಲಗಡೆ ಟ್ರ್ಯಾಕನ್ನು ಬೆರಳಿನಿಂದ ಒತ್ತಿದರು. "ಏನಪ್ಪಾ, ಚೈನನ್ನ ವೀಣೆ ತಂತಿ ಥರ ಬಿಗಿದಿದ್ದೀಯಲ್ಲ, ಯಾರು ಹೇಳಿಕೊಟ್ಟಿದ್ದು?" ಅಂದರು. ಬುಲ್ಡೋಜರಿನಲ್ಲಿ ಐಡ್ಲರ್ ಹಿಂದೆ ಒಂದು ಸಿಲಿಂಡರ್ ಇರುತ್ತದಂತೆ. ಗ್ರೀಸ್ ಗನ್ನಿನಿಂದ ಗ್ರೀಸ್ ಹೊಡೆದರೆ ಐಡ್ಲರ್ ಮುಂದೆ ಸರಿದು ಚೈನು ಬಿಗಿಯಾಗುತ್ತದೆ, ವಾಲ್ವ್ ಬಿಟ್ಟರೆ ಗ್ರೀಸ್ ಹೊರಗೆ ಬಂದು ಸಡಿಲವಾಗುತ್ತದೆ. ಕೆಸರಿಗೆ ಇಳಿಸುವುದಿದ್ದರೆ ಇನ್ನೂ ಸಡಿಲ ಬಿಡಬೇಕು, ಯಾಕಂದರೆ ಮಣ್ಣು ಸ್ಪ್ರಾಕೆಟ್ ಹಲ್ಲಿನ ಸಂದಿಗೆ ಮೆತ್ತಿಕೊಂಡು ತಾನಾಗಿಯೇ ಬಿಗಿ ಮಾಡುತ್ತದೆ. "ಸಡಿಲ ಇದ್ದರೆ ಚೈನು ಬಿದ್ದೀತು, ಎತ್ತಿ ಹಾಕಬಹುದು. ಬಿಗಿ ಇದ್ದರೆ ದುಡ್ಡು ಬೀಳುತ್ತೆ" ಅಂದು ಕಾಫಿ ಕುಡಿದು ಹೋದರು.

ಆಮೇಲೆ ನಿಜವಾದ ಟೈಗರಿನ ಫೋಟೋಗಳನ್ನು ಗಮನಿಸಿ ನೋಡಿದೆ. ನೀವೂ ನೋಡಿ. 57 ಟನ್ನಿನ ಆ ಟ್ಯಾಂಕಿನ ಟ್ರ್ಯಾಕು ಮೇಲ್ಗಡೆ ಜೋತು ಬಿದ್ದೇ ಇದೆ! ಅದಕ್ಕೆ ಟ್ರ್ಯಾಕನ್ನು ಎತ್ತಿ ಹಿಡಿಯುವ ಸಣ್ಣ ರೋಲರುಗಳೇ ಇಲ್ಲ, ದೊಡ್ಡ ಗಾಲಿಗಳ ಮೇಲೇ ಮಲಗಿಕೊಂಡು ಹೋಗುತ್ತದೆ. ನೀವು ಕೆಟ್ಟದು ಅಂದುಕೊಂಡಿರುವ ಆ ಜೋಲು ಇದೆಯಲ್ಲ, ಅದೇ ಟೈಗರಿನ ಅಂದ. ನಾನು ಏಳು ಸಾವಿರ ಖರ್ಚು ಮಾಡಿ ಅದನ್ನು ಅಳಿಸಲು ಹೋಗಿದ್ದೆ.

ಈಗ ನಿಮ್ಮ ಪ್ರಶ್ನೆ. ಮೆಟಲ್ಲಾ ಪ್ಲಾಸ್ಟಿಕ್ಕಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಪ್ರಶ್ನೆಯೇ ಸರಿ ಇಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಮೋಟರಿನಿಂದ ನೆಲದವರೆಗೆ ಬಲ ಹೋಗುವ ದಾರಿಯಲ್ಲಿ ಯಾವುದು ಎಲ್ಲಕ್ಕಿಂತ ದುರ್ಬಲವೋ ಅದು ಮುರಿಯುತ್ತದೆ. ಟ್ರ್ಯಾಕ್ ಅಲ್ಲಿ ಕೊನೆಯ ತುದಿ. ತುದಿಯನ್ನು ಗಟ್ಟಿ ಮಾಡಿದರೆ ಪೆಟ್ಟು ಒಳಗೆ ಹೋಗುತ್ತದೆ, ಅಷ್ಟೇ. ಮೆಟಲ್ ಹಾಕುವುದಾದರೆ ಗೇರ್‌ಬಾಕ್ಸ್ ಮೊದಲು, ಆಮೇಲೆ ಸ್ಪ್ರಾಕೆಟ್ ಮತ್ತು ಐಡ್ಲರ್, ಕೊನೆಗೆ ಟ್ರ್ಯಾಕ್. ಮೂರಕ್ಕೂ ಒಟ್ಟಿಗೆ ದುಡ್ಡಿಲ್ಲ ಅಂದರೆ ಗೇರ್‌ಬಾಕ್ಸ್ ಮಾತ್ರ ಹಾಕಿಸಿ, ಪ್ಲಾಸ್ಟಿಕ್ ಟ್ರ್ಯಾಕಿನಲ್ಲೇ ಓಡಿಸಿ. ಪ್ಲಾಸ್ಟಿಕ್ ಟ್ರ್ಯಾಕ್ ಒಂದು ಥರ ಫ್ಯೂಸ್ ಇದ್ದ ಹಾಗೆ, ಕಿತ್ತುಹೋದರೆ ಸಣ್ಣ ಖರ್ಚಿನ ಮಾತು.

ಪೂರ್ತಿ ಮೆಟಲ್ ಟ್ಯಾಂಕ್ ಮೊದಲ ಟ್ಯಾಂಕಾಗಿ ಬೇಡವೇ ಬೇಡ. ಎಲ್ಲಾ ರೆಡಿಯಾಗಿ ಬಂದರೆ ನೀವು ಬಿಚ್ಚುವುದಿಲ್ಲ. ಬಿಚ್ಚದಿದ್ದರೆ ಒಳಗೇನಿದೆ ಅಂತ ತಿಳಿಯುವುದಿಲ್ಲ. 25 ಸಾವಿರದಲ್ಲಿ ಅರ್ಧದಷ್ಟು ಟ್ಯಾಂಕಿಗೆ ಇಡಿ. 2.4 ಗಿಗಾಹರ್ಟ್ಸ್ ರಿಮೋಟಿನ ಸಾದಾ ಪ್ಲಾಸ್ಟಿಕ್ ಮಾಡೆಲ್ ಸಾಕು, ಹೆಂಗ್ ಲಾಂಗ್ ಕಂಪನಿಯದಾದರೆ ಬಿಡಿಭಾಗ ಸುಲಭವಾಗಿ ಸಿಗುತ್ತವೆ. ಜಪಾನಿನ ತಮಿಯಾ ಕಂಪನಿಯ ಕಿಟ್ ತುಂಬಾ ಚೆನ್ನಾಗಿರುತ್ತದೆ, ಆದರೆ ನಿಮ್ಮ ಬಜೆಟ್ ಅಲ್ಲ. ಉಳಿದ ದುಡ್ಡಿನಲ್ಲಿ ಸ್ಟೀಲ್ ಗೇರ್‌ಬಾಕ್ಸ್, ಒಳ್ಳೆ ಸೋಲ್ಡರಿಂಗ್ ಐರನ್, ಬ್ಯಾಟರಿಯ ಎಲ್ಲಾ ಸೆಲ್ಲನ್ನೂ ಸಮವಾಗಿ ತುಂಬಿಸುವ ಸರಿಯಾದ ಬ್ಯಾಲೆನ್ಸ್ ಚಾರ್ಜರ್. ಲಿಪೋ ತಗೊಂಡರೆ ಚಾರ್ಜ್ ಇಳಿದಾಗ ಪೀಂ ಅನ್ನುವ ಅಲಾರಂ ಒಂದು ತಗೊಳ್ಳಲೇಬೇಕು. ಒಂದು ಸೆಲ್ 3 ವೋಲ್ಟಿಗಿಂತ ಕೆಳಗೆ ಇಳಿದರೆ ಹಾಳು. ಸುಮ್ನೆ ಎತ್ತಿಡುವಾಗ ಸೆಲ್ಲಿಗೆ 3.8 ವೋಲ್ಟಿನ ಆಸುಪಾಸು ಇರಲಿ. ಉಬ್ಬಿದ ಬ್ಯಾಟರಿಗೆ ಮತ್ತೆ ಚಾರ್ಜ್ ಹಾಕಬೇಡಿ, ರಾತ್ರಿ ಚಾರ್ಜಿಗಿಟ್ಟು ಮಲಗಬೇಡಿ.

"ಪ್ಲಾಸ್ಟಿಕ್ ಹಗುರ, ಟ್ಯಾಂಕಿನ ಫೀಲ್ ಬರಲ್ಲ" ಅಂತಲೂ ಬರೆದಿದ್ದೀರಿ. ಲೆಕ್ಕ ಹಾಕಿ ನೋಡಿ. ಉದ್ದ 16 ಪಾಲು ಕಡಿಮೆಯಾದರೆ ತೂಕ 16 ಗುಣಿಸು 16 ಗುಣಿಸು 16, ಅಂದರೆ 4,096 ಪಾಲು ಕಡಿಮೆ. 57 ಟನ್ನಿಗೆ ಸುಮಾರು 14 ಕೆಜಿ. ಅಷ್ಟು ತೂಕದ ಮೆಟಲ್ ಟ್ಯಾಂಕು ಮೇಜಿನಿಂದ ಕಾಲಿನ ಮೇಲೆ ಬಿದ್ದರೆ ಏನಾಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಫೀಲ್ ಬರುವುದು ನಿಧಾನದಿಂದ. ನಿಜವಾದ ಟೈಗರ್ ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ. ಆಸುಪಾಸು ಹೋಗುತ್ತಿತ್ತು. 16ರಿಂದ ಭಾಗಿಸಿದರೆ ಎರಡೂವರೆ ಕಿ.ಮೀ., ಅಂದರೆ ನಾವು ನಡೆಯುವುದಕ್ಕಿಂತಲೂ ನಿಧಾನ. ಟ್ಯಾಂಕನ್ನು ಜಿಂಕೆ ಥರ ಓಡಿಸುವವರ ವಿಡಿಯೋ ನೋಡಬೇಡಿ.

ಓಡಿಸುವ ಜಾಗದ ಬಗ್ಗೆ ಒಂದು ಮಾತು. ನಮ್ಮ ಕಡೆ ಕೆಂಪು ಮಣ್ಣು ನೋಡಲು ಚೆಂದ, ಫೋಟೋ ಅದ್ಭುತವಾಗಿ ಬರುತ್ತದೆ. ನಾನು ಟೊಮೆಟೊ ಕಿತ್ತು ಮುಗಿದ ಹೊಲದಲ್ಲಿ ಓಡಿಸುತ್ತೇನೆ, ಬದುಗಳೇ ಬೆಟ್ಟ, ಕಾಲುವೆಯೇ ಕಂದಕ. ಆದರೆ ಆ ಮಣ್ಣಿನ ಪುಡಿ ಗ್ರೀಸಿನ ಜೊತೆ ಸೇರಿದರೆ ಉಪ್ಪುಕಾಗದವೇ. ಓಡಿಸಿದ ಮೇಲೆ ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ ತೆಗೆಯಿರಿ. ಮನೆಯೊಳಗೆ ಓಡಿಸಿದರೆ ಕೂದಲು, ಹೂ ಕಟ್ಟುವ ದಾರ. ಇವು ಆಕ್ಸಲಿಗೆ ಸುತ್ತಿಕೊಂಡರೆ ಟ್ಯಾಂಕ್ ಯಾಕೆ ಎಳೆಯುತ್ತಿಲ್ಲ ಅಂತ ವಾರಗಟ್ಟಲೆ ತಲೆ ಕೆರೆದುಕೊಳ್ಳುತ್ತೀರಿ.

ಬಣ್ಣದ ಬಗ್ಗೆ ಈಗ ಕೇಳಬೇಡಿ. ಅದು ಬೇರೆಯೇ ಹುಚ್ಚು. ಪ್ರೈಮರ್ ಹೊಡೆಯದೆ ಬಣ್ಣ ಹೊಡೆಯಬೇಡಿ, ಅಷ್ಟು ಸಾಕು.

ನನ್ನ ಟೈಗರ್ ಈಗಲೂ ಓಡುತ್ತದೆ, ಅದೇ ಮೆಟಲ್ ಟ್ರ್ಯಾಕು, ಸ್ಟೀಲ್ ಗೇರು, ತೆಗೆದಿದ್ದ ಆ ಕೊಂಡಿಯನ್ನೂ ವಾಪಸ್ ಹಾಕಿದ್ದೇನೆ. ಆದರೆ ಈಗ ಮನಸ್ಸು ಬೇರೆ ಕಡೆ ಹೋಗಿದೆ. ಎಷ್ಟು ದಿನ ಜರ್ಮನ್ ಟ್ಯಾಂಕೇ ಮಾಡುವುದು ಅಂತ ಅಮೆರಿಕದಲ್ಲಿ ತಯಾರಾದ ಸ್ಟುವರ್ಟ್ ಟ್ಯಾಂಕಿನ ಮಾಡೆಲ್ ಒಂದನ್ನು ಶುರು ಮಾಡಿದ್ದೇನೆ. 1948ರ ನವೆಂಬರ್ 1ರಂದು ನಮ್ಮ ಕೊಡಗಿನ ಸೇನಾಧಿಕಾರಿ ತಿಮ್ಮಯ್ಯನವರು ಕಾಶ್ಮೀರದಿಂದ ಲಡಾಖಿಗೆ ಹೋಗುವ, 11 ಸಾವಿರ ಅಡಿಗಿಂತ ಎತ್ತರದ ಜೊಜಿ ಲಾ ಕಣಿವೆಗೆ ಏರಿಸಿದ ಟ್ಯಾಂಕ್ ಅದು. ಶತ್ರುವಿಗೆ ಸುಳಿವು ಸಿಗಬಾರದು ಅಂತ ಗೋಪುರ ಬಿಚ್ಚಿ ಸಾಗಿಸಿದ್ದರಂತೆ. ಸ್ಟುವರ್ಟ್ ಬರೀ 15 ಟನ್ ಚಿಲ್ಲರೆ. 1/16ಕ್ಕೆ ಇಳಿಸಿದರೆ ನಾಲ್ಕು ಕೆಜಿಯೂ ಆಗುವುದಿಲ್ಲ, ಅಂದರೆ ಪ್ಲಾಸ್ಟಿಕ್ಕಿನಲ್ಲೇ ಸರಿಯಾದ ತೂಕ ಬರುತ್ತದೆ. ಬೋರ್ಡ್ ಬರೆಯುವವರು ಬಳಸುವ ಫೋಮ್ ಶೀಟಿನಲ್ಲಿ ತಳ ಮತ್ತು ಮೈ ಮುಗಿದಿದೆ. ಇದಕ್ಕೆ ಮೇಲ್ಗಡೆ ಟ್ರ್ಯಾಕ್ ಎತ್ತಿ ಹಿಡಿಯುವ ರೋಲರುಗಳು ಇವೆ, ಒಂದೊಂದು ಕಡೆಗೆ ಮೂರು. ಪಕ್ಕದ ಮನೆಯ ಯಜಮಾನರು ಮೊನ್ನೆ ಬಂದು ಅವನ್ನು ತಿರುಗಿಸಿ ನೋಡಿದರು. ಒಂದು ಸೊಟ್ಟಗಿದೆ ಅಂದರು. ನಿಜವಾಗಿಯೂ ಸೊಟ್ಟಗಿತ್ತು. ಮೂರನ್ನೂ ಕಿತ್ತು ಮತ್ತೆ ಅಂಟಿಸುತ್ತಾ ಇದ್ದೇನೆ.