ತರಗತಿಯಲ್ಲಿ ಆಟದ ಮೂಲಕ ಕಲಿಸಿದರೆ ನಿಜವಾಗಿ ಏನು ಪ್ರಯೋಜನ?

ಪ್ರಯೋಜನ ಖಂಡಿತ ಇದೆ, ಆದರೆ ಪಾಠ ಆಟದೊಳಗೇ ಇರಬೇಕು. ಪಾಠ ಮುಗಿಸಿದ್ದಕ್ಕೆ ಬಹುಮಾನವಾಗಿ ಆಡಿಸುವುದು ಬೇರೆ ಮಾತು.

ನಮ್ಮ ಚಿಕ್ಕಮಗಳೂರು ಕಡೆ ಹಳೆಯ ಮನೆಗಳ ಅಟ್ಟದಲ್ಲಿ ಹುಡುಕಿದರೆ ಈಗಲೂ ಅಳಗುಳಿ ಮಣೆ ಸಿಕ್ಕೀತು. ಒಂದು ಗುಳಿಯ ಬೀಜ ತೆಗೆದು ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತಾ ಹೋಗುವ ಆಟದ ಮಣೆ ಅದು. ಸಾಲಿಗೆ 7ರಂತೆ 14 ಗುಳಿ. ಗುಳಿಗೆ 4 ಹುಣಸೆಬೀಜ ಹಾಕಿದರೆ ಒಟ್ಟು 56. ಕೊನೆಯ ಬೀಜ ಯಾವ ಗುಳಿಗೆ ಬೀಳುತ್ತದೆಂದು ಮಗು ಕೈ ಹಾಕುವ ಮೊದಲೇ ಎಣಿಸತೊಡಗುತ್ತದೆ, ಮಗ್ಗಿ ಒಪ್ಪಿಸು ಎಂದರೆ ತಡವರಿಸುವ ಮಗುವೂ ಕೂಡ. ಮಣೆ ಇಲ್ಲವೇ? ನೆಲದ ಮೇಲೆ ಸೀಮೆಸುಣ್ಣದ ವೃತ್ತಗಳು, ಒಂದು ಹಿಡಿ ಒಣ ಕಾಫಿ ಬೀಜ ಸಾಕು.

ದೊಡ್ಡ ತರಗತಿಗೆ, ಕವಡೆ ಎಸೆದು ಕಾಯಿ ನಡೆಸುವ ಚೌಕಾಬಾರ ಒಳ್ಳೆಯದು. 4 ಕವಡೆ ಎಸೆದಾಗ 2 (ಎರಡು ಕವಡೆ ಬಾಯಿ ಮೇಲಾಗಿ) ಪದೇ ಪದೇ ಬಿದ್ದು, ಬಾರ (ನಾಲ್ಕೂ ಕವುಚಿ) ಅಪರೂಪವಾಗುವುದೇಕೆ? ಕವಡೆಯ ಬದಲು 4 ನಾಣ್ಯ ಎಸೆದು ಬರೆದಿಡಲು ಹೇಳಿ. ಒಟ್ಟು 16 ಸಾಧ್ಯತೆಗಳಲ್ಲಿ 2 ಬರುವಂಥವು 6, ಬಾರಕ್ಕೆ ಸಿಗುವುದು 1 ಮಾತ್ರ. ಸಂಭವನೀಯತೆಯ ಪಾಠಕ್ಕೆ ಇದಕ್ಕಿಂತ ಚೆಂದದ ಆರಂಭ ನನಗೆ ಗೊತ್ತಿಲ್ಲ.

ನನ್ನ ಮಟ್ಟಿಗೆ ಅತಿ ದೊಡ್ಡ ಲಾಭವೆಂದರೆ ತಪ್ಪಿನ ಭಯ ಹೋಗುವುದು. ಆಟದಲ್ಲಿ ಸೋತವರು ಮತ್ತೆ ಆಡುತ್ತಾರೆ, ಪರೀಕ್ಷೆಯಲ್ಲಿ ಸೋತವರು ಸುಮ್ಮನಾಗುತ್ತಾರೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿ ಪದ್ಧತಿಯ ಹಿಂದೆಯೂ ಭಯವಿಲ್ಲದೆ ಕಲಿಯಲಿ ಎಂಬ ಕಾಳಜಿಯೇ ಇತ್ತು.

ಒಂದು ಎಚ್ಚರಿಕೆ: ಆಟ ಮುಗಿದ ಕೂಡಲೇ ಗಂಟೆ ಬಾರಿಸಬೇಡಿ. ಐದು ನಿಮಿಷ ಉಳಿಸಿಕೊಂಡು, "ಆ ಗುಳಿಯನ್ನೇ ಯಾಕೆ ಆರಿಸಿಕೊಂಡೆ?" ಎಂದು ಕೇಳಿ.