ಐಎನ್‌ಎಫ್‌ಪಿ ಬಂದರೆ ಫಿಟ್ಟರ್ ಆಗಬಾರದೇ?

ಆನ್‌ಲೈನ್ ವ್ಯಕ್ತಿತ್ವ ಪರೀಕ್ಷೆಯಲ್ಲಿ ಮಗನಿಗೆ ಐಎನ್‌ಎಫ್‌ಪಿ (ಅಂತರ್ಮುಖಿ, ಭಾವುಕ ಸ್ವಭಾವದ ಗುಂಪು) ಬಂದಿದೆ, ಬೋಲ್ಟ್ ಬಿಗಿಯುವಾಗಲೂ ಹಾಳು ಮಾಡುತ್ತಾನೆ, ಐಟಿಐ ಫಿಟ್ಟರ್ ಸೀಟು ಬಿಡಿಸಲೇ ಎಂದು ಕೇಳಿದ್ದೀರಿ. ನಿಮ್ಮ ಮಗ ಬೈಕಿನ ಬೋಲ್ಟ್ ಥ್ರೆಡ್ (ಸುರುಳಿ ಗೆರೆ) ಹಾಳು ಮಾಡುತ್ತಿರುವುದಕ್ಕೆ ಸ್ವಭಾವ ಕಾರಣವಲ್ಲ. ಬೋಲ್ಟನ್ನು ಕೈಯಲ್ಲಿ ಕೂರಿಸದೆ ನೇರ ಸ್ಪ್ಯಾನರ್ ಹಾಕುತ್ತಿರಬೇಕು. ಆ ಆನ್‌ಲೈನ್ ಪರೀಕ್ಷೆ ಒಲವನ್ನು ಕೇಳುತ್ತದೆ, ಕೈಚಳಕವನ್ನು ಅಳೆಯುವುದಿಲ್ಲ. ಅದನ್ನು ನಂಬಿ ಮಂಡ್ಯದಲ್ಲಿ ಐಟಿಐ ಸೀಟು ಬಿಡಿಸಬೇಡಿ.

ಮೊದಲು ಥ್ರೆಡ್‌ನ ದೂಳು, ಗ್ರೀಸ್ ಒರೆಸಲಿ. ಬೋಲ್ಟನ್ನು ನೆಟ್ಟಗೆ ಹಿಡಿದು ಉಲ್ಟಾ ತಿರುಗಿಸಲಿ. ಟಕ್ ಎಂದು ಕೂತದ್ದು ಬೆರಳಿಗೆ ಗೊತ್ತಾಗುತ್ತದೆ. ಆಮೇಲೆ ಬೆರಳಲ್ಲೇ ಮೂರು ಸುತ್ತು ಬಿಗಿಯಬೇಕು. ಅಷ್ಟರೊಳಗೆ ಬಿಗಿಯಾದರೆ ವಾರೆ ಹೋಗಿದೆ, ಬಿಚ್ಚಿ ಮತ್ತೆ ಶುರು. ೬ ಎಂಎಂ ಬೋಲ್ಟಿಗೆ ೧೦ ನಂಬರ್ ರಿಂಗ್ ಸ್ಪ್ಯಾನರ್ ಬರುತ್ತದೆ, ಅದನ್ನು ತಲೆಯ ಹತ್ತಿರ ಹಿಡಿಯಲಿ. ಉದ್ದದ ಹಿಡಿಯಿಂದ ಎಳೆದರೆ ಅಲ್ಯೂಮಿನಿಯಂ ಥ್ರೆಡ್ ಕಿತ್ತೇ ಬರುತ್ತದೆ.

ಯೋಗ್ಯತೆ ನೋಡಬೇಕೆಂದರೆ ಗುಜರಿಯಿಂದ ಒಂದು ಹಳೇ ಸೈಕಲ್ ಹಿಂದಿನ ಚಕ್ರ ತನ್ನಿ. ಹಬ್ (ಚಕ್ರದ ನಡುವಿನ ಭಾಗ) ಬಿಚ್ಚಿ, ತೊಳೆದು, ಗ್ರೀಸ್ ಹಾಕಿ ಜೋಡಿಸಲಿ. ಸಾಮಾನ್ಯವಾಗಿ ಒಂದೊಂದು ಕಡೆ ಕಾಲಿಂಚಿನ ೯ ಗುಂಡು ಇರುತ್ತವೆ; ಬಿಚ್ಚುವಾಗಲೇ ಎಣಿಸಿಡಬೇಕು. ಚಕ್ರ ಸಲೀಸಾಗಿ ತಿರುಗಬೇಕು, ಪಕ್ಕಕ್ಕೆ ಅಲ್ಲಾಡಬಾರದು. ಈ ಹದಕ್ಕೆ ಕೋನ್ (ಗುಂಡುಗಳನ್ನು ಒತ್ತಿ ಹಿಡಿಯುವ ನಟ್ಟು) ಕೂರಿಸುವುದೇ ನಿಜವಾದ ಕಷ್ಟ, ಮೊದಲ ಸಲ ಯಾರಿಗೂ ಸರಿಬರುವುದಿಲ್ಲ. ವಾರ ಬಿಟ್ಟು ಒಬ್ಬನೇ ಮಾಡಲಿ. ತಪ್ಪು ಕಡಿಮೆಯಾಗಿದ್ದರೆ ಐಟಿಐಗೆ ಸೇರಿಸಿ. ಆಗಲೂ ತಡವರಿಸಿದರೆ ಕಣ್ಣು ಪರೀಕ್ಷೆ ಮಾಡಿಸಿ. ಹತ್ತಿರದ್ದು ಮಂಜಾಗಿರಲೂಬಹುದು, ನೋಡದೆ ಖಚಿತವಾಗಿ ಹೇಳಲಾರೆ.