ಓದುಗರ ಪ್ರಶ್ನೆ, ನಮ್ಮ ಉತ್ತರ: ಈಗ ಕಾರು ಓಡಿಸುತ್ತಿರುವವರು ಯಾರು?

ಚಾಲಕರಿಲ್ಲದ ಕಾರುಗಳ ಬಗ್ಗೆ ಪ್ರಶ್ನೆಗಳನ್ನು ಕಳುಹಿಸುವಂತೆ ಕಳೆದ ಸಂಚಿಕೆಯಲ್ಲಿ ಕೋರಿದ್ದೆವು. ಬಂದ ಪತ್ರಗಳಲ್ಲಿ ಅರ್ಧದಷ್ಟು 'ಇದು ಒಳ್ಳೆಯದೋ ಕೆಟ್ಟದ್ದೋ' ಎಂದಷ್ಟೇ ಕೇಳಿದ್ದವು. ಅಂಥ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲದ್ದರಿಂದ, ನಿರ್ದಿಷ್ಟವಾಗಿ ಕೇಳಿದವರ ಪತ್ರಗಳನ್ನು ಮಾತ್ರ ಇಲ್ಲಿ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ನಾನು ಕೊಳ್ಳಬೇಕೆಂದಿರುವ ಕಾರು 'ತಾನೇ ಓಡುತ್ತದೆ' ಎಂದು ಮಾರಾಟಗಾರರು ಹೇಳುತ್ತಾರೆ. ಹಾಗಾದರೆ ಪ್ರಯಾಣದಲ್ಲಿ ನಾನು ಪುಸ್ತಕ ಓದುತ್ತ ಕೂರಬಹುದೇ?

ಉತ್ತರ: ಕೂರಬಾರದು. ಇಂಥ ಹೆಸರಿನಲ್ಲಿ ಮಾರಾಟವಾಗುತ್ತಿರುವ ಕಾರುಗಳಲ್ಲಿ ಹೆಚ್ಚಿನವು ಚಾಲಕನಿಗೆ ನೆರವಾಗುವಂಥವೇ ಹೊರತು ಅವನನ್ನು ಕೆಲಸದಿಂದ ಬಿಡುಗಡೆ ಮಾಡುವಂಥವಲ್ಲ. ಈ ಗೊಂದಲದಲ್ಲಿ ನಮ್ಮ ನುಡಿಯ ಪಾಲೂ ಇದೆ: ಗೇರನ್ನು ತಾನೇ ಬದಲಿಸಿಕೊಳ್ಳುವ ಕಾರನ್ನೂ 'ಸ್ವಯಂಚಾಲಿತ' ಎನ್ನುತ್ತೇವೆ, ಚಾಲಕನೇ ಇಲ್ಲದೆ ಓಡುವ ಕಾರನ್ನೂ ಅದೇ ಪದದಿಂದ ಕರೆಯುತ್ತೇವೆ.

ವಾಹನ ಎಂಜಿನಿಯರುಗಳ ಸಂಘಟನೆಯಾದ ಎಸ್‌ಎಇ 2014ರಲ್ಲಿ ಸೊನ್ನೆಯಿಂದ ಐದರವರೆಗೆ ಆರು ಹಂತಗಳನ್ನು ಗುರುತಿಸಿತು. ಎರಡನೆಯ ಹಂತದಲ್ಲಿ ಕಾರು ತನ್ನ ಪಥದಲ್ಲಿ ಉಳಿಯುತ್ತದೆ, ಮುಂದಿನ ವಾಹನದಿಂದ ಅಂತರ ಕಾಯ್ದುಕೊಳ್ಳುತ್ತದೆ, ಆದರೆ ಓಡಿಸುತ್ತಿರುವವರು ನೀವೇ. ಮೂರನೆಯ ಹಂತದಲ್ಲಿ ಗೊತ್ತುಪಡಿಸಿದ ಸಂದರ್ಭಗಳಲ್ಲಿ ಯಂತ್ರವೇ ಓಡಿಸುತ್ತದೆಯಾದರೂ ಅದು ಕರೆದಾಗ ನೀವು ಸ್ಟಿಯರಿಂಗ್ ಹಿಡಿಯಲೇಬೇಕು. ನಾಲ್ಕನೆಯದರಲ್ಲಿ ಒಂದು ಸೀಮಿತ ಪ್ರದೇಶದೊಳಗೆ ಮನುಷ್ಯನ ಅಗತ್ಯವೇ ಇರುವುದಿಲ್ಲ. ಎಲ್ಲ ರಸ್ತೆಗಳಲ್ಲೂ ಎಲ್ಲ ಹವೆಯಲ್ಲೂ ಓಡಬಲ್ಲ ಐದನೆಯ ಹಂತದ ಕಾರು ಇನ್ನೂ ಎಲ್ಲಿಯೂ ಇಲ್ಲ. ಮೂರನೆಯ ಹಂತ ಸಾರ್ವಜನಿಕರ ಕೈಗೆ ಬಂದದ್ದೂ ತೀರ ಈಚೆಗೆ: 2021ರಲ್ಲಿ ಜಪಾನಿನಲ್ಲಿ ಹೋಂಡಾ, 2022ರಲ್ಲಿ ಜರ್ಮನಿಯಲ್ಲಿ ಮರ್ಸಿಡಿಸ್ ಅಂಥ ಕಾರುಗಳನ್ನು ಹೊರತಂದವು. ಮರ್ಸಿಡಿಸ್‌ನ ವ್ಯವಸ್ಥೆ ಮೊದಲಿಗೆ ಹೆದ್ದಾರಿಯಲ್ಲಿ, ಅದೂ ಗಂಟೆಗೆ 60 ಕಿಲೋಮೀಟರ್ ಮೀರದ ವೇಗದಲ್ಲಿ ಮಾತ್ರ ಕೆಲಸ ಮಾಡುತ್ತಿತ್ತು.

ಮಾರಾಟಗಾರರನ್ನು ಹಂತದ ಸಂಖ್ಯೆ ಕೇಳುವುದಕ್ಕಿಂತ ಹೀಗೆ ಕೇಳಿರಿ: 'ಈ ವ್ಯವಸ್ಥೆ ನಡೆಯುತ್ತಿರುವಾಗ ಅಪಘಾತವಾದರೆ, ಕಾನೂನಿನ ಪ್ರಕಾರ ಚಾಲಕ ಯಾರು?' 'ನೀವೇ' ಎಂಬ ಉತ್ತರ ಬಂದರೆ ಪುಸ್ತಕವನ್ನು ಮನೆಯಲ್ಲಿಯೇ ಇಟ್ಟು ಹೊರಡಿ.

ಪ್ರಶ್ನೆ: ಕಣ್ಣಿಲ್ಲದ ಯಂತ್ರ ರಸ್ತೆಯನ್ನು ಹೇಗೆ ಕಾಣುತ್ತದೆ? ಮಳೆ, ಮಂಜು ಇದ್ದರೆ ಗತಿಯೇನು?

ಉತ್ತರ: ಸಾಮಾನ್ಯವಾಗಿ ಮೂರು ಬಗೆಯ 'ಕಣ್ಣು'ಗಳನ್ನು ಬಳಸುತ್ತಾರೆ. ಕ್ಯಾಮೆರಾ ಬಣ್ಣ, ಬರಹ, ಸಿಗ್ನಲ್ ದೀಪಗಳನ್ನು ಗುರುತಿಸುತ್ತದೆ, ಆದರೆ ಎದುರು ಬಿಸಿಲಿನಲ್ಲಿಯೂ ದಟ್ಟ ಮಂಜಿನಲ್ಲಿಯೂ ನಮ್ಮ ಕಣ್ಣಿನಂತೆಯೇ ಸೋಲುತ್ತದೆ. ರೇಡಾರ್ ಮಳೆ, ಮಂಜುಗಳನ್ನು ದಾಟಿ ವಸ್ತುವಿನ ದೂರವನ್ನೂ ವೇಗವನ್ನೂ ಅಳೆಯುತ್ತದೆಯಾದರೂ ಅದರ ಆಕಾರವನ್ನು ಸ್ಪಷ್ಟವಾಗಿ ಹೇಳಲಾರದು. ಲೈಡಾರ್ ಎಂಬ ಉಪಕರಣವು ಲೇಸರ್ ಬೆಳಕಿನ ಮಿಡಿತಗಳನ್ನು ಚಿಮ್ಮಿಸಿ ಅವು ಮರಳುವ ಸಮಯದಿಂದ ಸುತ್ತಲಿನ ಮೂರು ಆಯಾಮದ ನಕ್ಷೆಯನ್ನು ಕಟ್ಟುತ್ತದೆ. 30 ಮೀಟರ್ ದೂರದ ಮರವನ್ನು ಮುಟ್ಟಿದ ಬೆಳಕು ಸೆಕೆಂಡಿನ 50 ಲಕ್ಷದಲ್ಲೊಂದು ಭಾಗದಷ್ಟು ಕಾಲದಲ್ಲಿ ಹಿಂದಿರುಗುತ್ತದೆ ಎಂದರೆ ಆ ಅಳತೆಯ ಸೂಕ್ಷ್ಮತೆಯನ್ನು ಊಹಿಸಬಹುದು. ಜೋರು ಮಳೆಯ ಹನಿಗಳು ಇದರ ಬೆಳಕನ್ನು ಚದುರಿಸುತ್ತವೆ.

ಆದರೆ ಕಾಣುವುದು ಸುಲಭದ ಭಾಗ. ಕಂಡದ್ದು ಏನು, ಅದು ಮುಂದಿನ ಕ್ಷಣದಲ್ಲಿ ಏನು ಮಾಡಲಿದೆ ಎಂಬ ಊಹೆಯಲ್ಲಿಯೇ ನಿಜವಾದ ತೊಡಕಿದೆ. 2018ರ ಮಾರ್ಚ್ 18ರ ರಾತ್ರಿ ಅಮೆರಿಕದ ಅರಿಝೋನಾ ರಾಜ್ಯದ ಟೆಂಪಿ ಎಂಬಲ್ಲಿ ಊಬರ್ ಕಂಪನಿಯ ಪರೀಕ್ಷಾ ಕಾರು, ಸೈಕಲನ್ನು ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಯೊಬ್ಬರಿಗೆ ಡಿಕ್ಕಿ ಹೊಡೆದು ಅವರು ಮೃತಪಟ್ಟರು. ಕಾರಿಗೆ ಅವರು ಕಾಣಲಿಲ್ಲವೆಂದು ಹಲವರು ತಿಳಿದಿದ್ದಾರೆ. ವಾಸ್ತವವಾಗಿ ಡಿಕ್ಕಿಗೆ 5.6 ಸೆಕೆಂಡು ಮೊದಲೇ ಉಪಕರಣಗಳು ಅವರನ್ನು ಗುರುತಿಸಿದ್ದವು. ಗಂಟೆಗೆ ಸುಮಾರು 70 ಕಿಲೋಮೀಟರ್ ವೇಗದಲ್ಲಿದ್ದ ಕಾರು ನಿಲ್ಲಲು ಅಷ್ಟು ಕಾಲ ಧಾರಾಳವಾಗಿ ಸಾಕಿತ್ತು. ಆದರೆ ಪಾದಚಾರಿಗಳಿಗೆಂದು ಗುರುತು ಮಾಡಿದ ಜಾಗದ ಹೊರಗೂ ಜನ ರಸ್ತೆ ದಾಟಬಹುದು ಎಂಬುದನ್ನು ತಂತ್ರಾಂಶ ಪರಿಗಣಿಸಿಯೇ ಇರಲಿಲ್ಲ. ಆದ್ದರಿಂದ ಅದು ಅವರನ್ನು ಒಮ್ಮೆ ವಾಹನವೆಂದು, ಒಮ್ಮೆ ಬೇರೇನೋ ವಸ್ತುವೆಂದು, ಮತ್ತೊಮ್ಮೆ ಸೈಕಲ್ ಎಂದು ಎಣಿಸಿತು, ಮತ್ತು ಹೆಸರು ಬದಲಾದಾಗಲೆಲ್ಲ ಅದುವರೆಗೆ ಅವರು ನಡೆದು ಬಂದ ದಾರಿಯ ದಾಖಲೆಯನ್ನು ಬದಿಗೆ ಸರಿಸಿ ಹೊಸದಾಗಿ ಲೆಕ್ಕ ಹಾಕತೊಡಗಿತು. ರಸ್ತೆಗೆ ಅಡ್ಡವಾಗಿ ಒಬ್ಬ ವ್ಯಕ್ತಿ ನಡೆದು ಬರುತ್ತಿದ್ದಾರೆ ಎಂಬ ಸರಳ ಸಂಗತಿ ಅದಕ್ಕೆ ಹೊಳೆಯಲೇ ಇಲ್ಲ. 'ಇದು ಏನೋ ಗೊತ್ತಾಗುತ್ತಿಲ್ಲ, ಆದರೂ ನಿಧಾನಿಸೋಣ' ಎಂಬ ಬುದ್ಧಿ ಹೊಸದಾಗಿ ಕಲಿತ ಚಾಲಕನಿಗೂ ಇರುತ್ತದೆ. ಯಂತ್ರಕ್ಕೆ ಅದನ್ನು ಬರೆದುಕೊಡಬೇಕಾಗುತ್ತದೆ.

ಪ್ರಶ್ನೆ: ಯಂತ್ರ ಓಡಿಸಲಿ, ಮನುಷ್ಯ ಕಾವಲು ಕಾಯಲಿ, ಇಬ್ಬರೂ ಇದ್ದರೆ ಸುರಕ್ಷತೆ ದುಪ್ಪಟ್ಟಾಗಬೇಕಲ್ಲವೇ?

ಉತ್ತರ: ಕೇಳಲು ನ್ಯಾಯವಾಗಿ ತೋರುವ ಈ ಏರ್ಪಾಡನ್ನೇ ನಾವು ಎಲ್ಲಕ್ಕಿಂತ ಹೆಚ್ಚು ಅನುಮಾನದಿಂದ ನೋಡುತ್ತೇವೆ. ಟೆಂಪಿಯ ಕಾರಿನಲ್ಲಿಯೂ ಕಾವಲಿಗೆ ಒಬ್ಬರಿದ್ದರು. ಮೂಲ ಕಾರಿನಲ್ಲಿ ತಯಾರಕರೇ ಅಳವಡಿಸಿದ್ದ ತುರ್ತು ಬ್ರೇಕನ್ನು ಪರೀಕ್ಷೆಯ ಅವಧಿಯಲ್ಲಿ ನಿಷ್ಕ್ರಿಯಗೊಳಿಸಿ, ಅಪಾಯ ಬಂದರೆ ಅವರು ನೋಡಿಕೊಳ್ಳುತ್ತಾರೆ ಎಂದು ನಂಬಲಾಗಿತ್ತು. ಅವರು ಮೊಬೈಲಿನಲ್ಲಿ ಕಾರ್ಯಕ್ರಮ ನೋಡುತ್ತಿದ್ದರು. ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡದ್ದು 2023ರಲ್ಲಿ, ಆ ಉದ್ಯೋಗಿಯೇ. ಯಂತ್ರ ನೂರು ಬಾರಿ ಸರಿಯಾಗಿ ಓಡಿಸಿದ ಮೇಲೆ ನೂರೊಂದನೆಯ ಬಾರಿ ಅದನ್ನು ಶಂಕಿಸುವ ಮನಸ್ಸು ಯಾರಿಗೂ ಉಳಿಯುವುದಿಲ್ಲ. ಅವರ ತಪ್ಪನ್ನು ನಾವು ಮನ್ನಿಸುತ್ತಿಲ್ಲ. ಆದರೆ ಅಂಥ ತಪ್ಪು ನಡೆದೇ ತೀರುವಂಥ ಕೆಲಸಕ್ಕೆ ಅವರನ್ನು ಕೂರಿಸಿದವರ ಹೊಣೆ ಚಿಕ್ಕದಲ್ಲ.

ಇದು ಹೊಸ ತಿಳಿವಳಿಕೆಯೇನಲ್ಲ. ಮನಶ್ಶಾಸ್ತ್ರಜ್ಞೆ ಲಿಸಾನ್ ಬೇನ್‌ಬ್ರಿಜ್ 1983ರಲ್ಲಿಯೇ, ಕಾರ್ಖಾನೆಗಳ ಯಂತ್ರನಿಯಂತ್ರಣವನ್ನು ಚರ್ಚಿಸುತ್ತ, ಏನೂ ಘಟಿಸದ ಪರದೆಯನ್ನು ಎಷ್ಟೇ ಶ್ರದ್ಧೆಯ ಮನುಷ್ಯನೂ ಅರ್ಧ ಗಂಟೆಗಿಂತ ಹೆಚ್ಚು ಕಾಲ ಎಚ್ಚರದಿಂದ ನೋಡುತ್ತ ಕೂರಲಾರ ಎಂಬ ಸಂಗತಿಯತ್ತ ಗಮನ ಸೆಳೆದಿದ್ದರು. ಸುಲಭದ ಕೆಲಸವನ್ನೆಲ್ಲ ಯಂತ್ರಕ್ಕೆ ಕೊಟ್ಟು ಕಷ್ಟದ ಕ್ಷಣವನ್ನು ಮಾತ್ರ, ಅಭ್ಯಾಸ ತಪ್ಪಿದ ಮನುಷ್ಯನ ಕೈಗೆ ಒಪ್ಪಿಸುತ್ತೇವೆ ಎಂಬುದು ಅವರ ವಾದದ ತಿರುಳು. 2013ರಲ್ಲಿ ಗೂಗಲ್ ತನ್ನ ಕಾರುಗಳನ್ನು ಹೆದ್ದಾರಿಯಲ್ಲಿ ಪರೀಕ್ಷಿಸಲು ನೌಕರರಿಗೆ ಕೊಟ್ಟಾಗ ಇದೇ ಕಣ್ಣಿಗೆ ಕಂಡಿತು: ಎಚ್ಚರವಾಗಿರಬೇಕೆಂದು ತಿಳಿಸಿದ್ದರೂ ಕೆಲವರು ಮೊಬೈಲ್ ಹಿಡಿದರು, ಮುಖಕ್ಕೆ ಅಲಂಕಾರ ಮಾಡಿಕೊಂಡರು, ನಿದ್ದೆಯನ್ನೂ ಮಾಡಿದರು. ಕಂಪನಿ ಆ ದಾರಿಯನ್ನೇ ಬಿಟ್ಟು, ಮನುಷ್ಯನ ನೆರವನ್ನು ಬೇಡದ ಕಾರಿನ ಕಡೆಗೆ ಹೊರಳಿತು. ಮುಂದೆ ವೇಮೋ ಎಂಬ ಹೆಸರು ಪಡೆದದ್ದು ಅದೇ ಯೋಜನೆ.

ಮೂರನೆಯ ಹಂತದ ಕಾರುಗಳಿಗಾಗಿ ವಿಶ್ವಸಂಸ್ಥೆಯ ವೇದಿಕೆಯಲ್ಲಿ 2020ರಲ್ಲಿ ಒಪ್ಪಿತವಾದ ನಿಯಮವು, ಸ್ಟಿಯರಿಂಗ್ ಹಿಡಿಯುವಂತೆ ಕೇಳಿದ ಮೇಲೆ ಚಾಲಕನಿಗೆ ಕನಿಷ್ಠ 10 ಸೆಕೆಂಡು ಕೊಡಬೇಕೆನ್ನುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಅಷ್ಟರೊಳಗೆ ಕಾರು 160 ಮೀಟರಿಗಿಂತ ಮುಂದೆ ಹೋಗಿರುತ್ತದೆ. ಹೆದ್ದಾರಿಯ ನಿಧಾನ ಸಂಚಾರದಲ್ಲಿ ಇದು ಸಾಲಬಹುದು, ಎಲ್ಲ ಕಡೆಯೂ ಸಾಲದು.

ಪ್ರಶ್ನೆ: ನೂರರಲ್ಲಿ ತೊಂಬತ್ತನಾಲ್ಕು ಅಪಘಾತಗಳು ಮನುಷ್ಯರ ತಪ್ಪಿನಿಂದಲೇ ಆಗುತ್ತವೆಯಂತೆ. ಹಾಗಾದರೆ ಯಂತ್ರ ಬಂದರೆ ಅಷ್ಟೂ ನಿಲ್ಲುತ್ತವೆಯೇ?

ಉತ್ತರ: ಆ ಅಂಕಿ ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆಯ 2015ರ ವರದಿಯದು. ಅಪಘಾತಕ್ಕೆ ಮುಂಚಿನ ಸರಪಳಿಯಲ್ಲಿ ಕೊನೆಯ ಕೊಂಡಿ ಚಾಲಕನದ್ದಾಗಿತ್ತು ಎಂಬುದಷ್ಟೇ ಅದರ ಅರ್ಥ. ಕೆಟ್ಟ ತಿರುವು, ಮಸುಕಾದ ಗುರುತು, ದೀಪವಿಲ್ಲದ ರಸ್ತೆ ಕಾರಣಗಳಲ್ಲವೆಂದು ಅದು ಹೇಳುವುದಿಲ್ಲ. ಯಂತ್ರವು ಕುಡಿಯುವುದಿಲ್ಲ, ತೂಕಡಿಸುವುದಿಲ್ಲ, ಸಿಟ್ಟಿನಿಂದ ಓವರ್‌ಟೇಕ್ ಮಾಡುವುದಿಲ್ಲ ಎಂಬುದು ನಿಜ. ಜಗತ್ತಿನ ರಸ್ತೆಗಳಲ್ಲಿ ವರ್ಷಕ್ಕೆ ಸುಮಾರು 11.9 ಲಕ್ಷ ಜನ ಸಾಯುತ್ತಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವಾಗ ಇದನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಮನುಷ್ಯ ಮಾಡದ ತಪ್ಪುಗಳನ್ನು ಯಂತ್ರ ಮಾಡುತ್ತದೆ ಎಂಬುದನ್ನು ಟೆಂಪಿ ತೋರಿಸಿದೆ.

ಲೆಕ್ಕವನ್ನು ಸಾಬೀತುಪಡಿಸುವುದೂ ಕಷ್ಟ. ಸಾವಿಗೆ ಕಾರಣವಾಗುವ ಅಪಘಾತಗಳು ಕಿಲೋಮೀಟರುಗಳ ಲೆಕ್ಕದಲ್ಲಿ ಅಪರೂಪವಾದ್ದರಿಂದ, ಯಂತ್ರವು ಮನುಷ್ಯನಷ್ಟಾದರೂ ಸುರಕ್ಷಿತವೆಂದು ಭರವಸೆಯಿಂದ ಹೇಳಲು ಒಂದೂ ಸಾವಿಲ್ಲದೆ ಸುಮಾರು 44 ಕೋಟಿ ಕಿಲೋಮೀಟರ್ ಓಡಿಸಬೇಕಾಗುತ್ತದೆಂದು ರ‍್ಯಾಂಡ್ ಸಂಸ್ಥೆ 2016ರಲ್ಲಿ ಲೆಕ್ಕ ಹಾಕಿತು. ವೇಮೋ ಕಾರುಗಳು ಚಾಲಕರಿಲ್ಲದೆ ಓಡಿದ ದೂರ 2025ರಲ್ಲಿ 16 ಕೋಟಿ ಕಿಲೋಮೀಟರ್ ದಾಟಿದೆ. ಗಾಯಗಳಾಗುವ ಅಪಘಾತಗಳು ಮನುಷ್ಯರು ಓಡಿಸುವ ಕಾರುಗಳಿಗಿಂತ ಬಹಳ ಕಡಿಮೆ ಎಂದು ಕಂಪನಿಯ ಸಂಶೋಧಕರು ಪ್ರಕಟಿಸಿದ್ದಾರೆ. ಲೆಕ್ಕ ಅವರದೇ ಎಂಬುದನ್ನು ನೆನಪಿಟ್ಟುಕೊಂಡೇ, ಅದು ಆಶಾದಾಯಕ ಎಂದು ನಾವು ಒಪ್ಪುತ್ತೇವೆ.

ಪ್ರಶ್ನೆ: ಒಂದು ಕಡೆ ಮಗು, ಇನ್ನೊಂದು ಕಡೆ ವೃದ್ಧರು ಅಡ್ಡ ಬಂದರೆ ಕಾರು ಯಾರನ್ನು ಉಳಿಸುತ್ತದೆ?

ಉತ್ತರ: ಅತಿ ಹೆಚ್ಚು ಪತ್ರಗಳು ಬಂದದ್ದು ಈ ಪ್ರಶ್ನೆಯನ್ನು ಹೊತ್ತು, ಎಂಜಿನಿಯರುಗಳ ನಿದ್ದೆ ಅತಿ ಕಡಿಮೆ ಕೆಡಿಸುವುದೂ ಬಹುಶಃ ಇದೇ. ವಯಸ್ಸು, ಲಿಂಗ ಮುಂತಾದವುಗಳ ಆಧಾರದ ಮೇಲೆ ಜೀವಗಳ ನಡುವೆ ತಾರತಮ್ಯ ಮಾಡಕೂಡದೆಂದು ಜರ್ಮನಿಯ ನೀತಿ ಆಯೋಗ 2017ರಲ್ಲಿ ಸ್ಪಷ್ಟಪಡಿಸಿತು. ಇಬ್ಬರನ್ನೂ ದೂರದಲ್ಲಿಯೇ ಕಂಡು ಬ್ರೇಕ್ ಹಾಕಿತೇ ಎಂದು ಕೇಳುವುದು ಹೆಚ್ಚು ಉಪಯುಕ್ತ.

ಪ್ರಶ್ನೆ: ಚಾಲಕನೇ ಇಲ್ಲದ ಕಾರು ತಪ್ಪು ಮಾಡಿದರೆ ಶಿಕ್ಷೆ ಯಾರಿಗೆ?

ಉತ್ತರ: ಬ್ರಿಟನ್ 2024ರಲ್ಲಿ ಮಾಡಿದ ಕಾನೂನು ಈ ವಿಷಯದಲ್ಲಿ ನಮಗೆ ಮೆಚ್ಚುಗೆಯಾಗಿದೆ. ಕಾರು ಅಧಿಕೃತವಾಗಿ ತಾನೇ ಓಡುತ್ತಿರುವಾಗ ಅದು ಓಡಿದ ರೀತಿಗೆ ಸೀಟಿನಲ್ಲಿ ಕುಳಿತವರು ಅಪರಾಧಿಗಳಾಗುವುದಿಲ್ಲ. ಹೊಣೆ ಅದಕ್ಕೆ ಅನುಮತಿ ಪಡೆದ ಸಂಸ್ಥೆಯದು. ಆದರೆ ಸಂಸ್ಥೆ ನಿಜ ಹೇಳಿದರೆ ಮಾತ್ರ ಹೊಣೆಗೆ ಅರ್ಥ. 2023ರ ಅಕ್ಟೋಬರ್ 2ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬೇರೊಂದು ಕಾರು ಗುದ್ದಿದ ಪಾದಚಾರಿಯೊಬ್ಬರು ಕ್ರೂಸ್ ಕಂಪನಿಯ ಚಾಲಕರಹಿತ ಕಾರಿನ ಮುಂದೆ ಬಿದ್ದರು. ಡಿಕ್ಕಿಯಾದ ಮೇಲೆ ಕಾರು ನಿಂತಿತು. ಅನಂತರ, ರಸ್ತೆಯ ನಡುವೆ ನಿಲ್ಲಬಾರದೆಂಬ ನಿಯಮದಂತೆ ಬದಿಗೆ ಸರಿಯಲು ಹೊರಟು, ಅಡಿಯಲ್ಲಿ ಸಿಲುಕಿದ್ದ ಅವರನ್ನು ಸುಮಾರು 6 ಮೀಟರ್ ಎಳೆದೊಯ್ಯಿತು. ನಿಯಮವೇನೋ ಒಳ್ಳೆಯದೇ, ಆದರೆ ಮನುಷ್ಯ ಚಾಲಕನಾಗಿದ್ದರೆ ಮೊದಲು ಇಳಿದು ನೋಡುತ್ತಿದ್ದ. ಎಳೆದೊಯ್ದ ಈ ಸಂಗತಿಯನ್ನು ಬಿಟ್ಟು ಸರ್ಕಾರಕ್ಕೆ ವರದಿ ಕೊಟ್ಟದ್ದನ್ನು ಕಂಪನಿ ಆಮೇಲೆ ಒಪ್ಪಿಕೊಂಡು ದಂಡ ತೆತ್ತಿತು. 2024ರ ಕೊನೆಗೆ ಕ್ರೂಸ್‌ನ ಒಡೆತನ ಹೊಂದಿದ್ದ ಜನರಲ್ ಮೋಟರ್ಸ್ ಆ ಟ್ಯಾಕ್ಸಿ ಯೋಜನೆಗೆ ಹಣ ಹಾಕುವುದನ್ನೇ ನಿಲ್ಲಿಸಿತು.

ಪ್ರಶ್ನೆ: ಮೂವತ್ತು ವರ್ಷಗಳಿಂದ ಲಾರಿ ಓಡಿಸುತ್ತಿದ್ದೇನೆ. ಮಗನೂ ಇದೇ ಕೆಲಸಕ್ಕೆ ಬರುತ್ತೇನೆ ಎನ್ನುತ್ತಾನೆ. ಬರಲಿ ಎನ್ನಲೇ?

ಉತ್ತರ: ತಮ್ಮ ಕೆಲಸದಲ್ಲಿ ಯಂತ್ರದ ಕಣ್ಣು ಮೊದಲು ಬೀಳುವುದು ಹೆದ್ದಾರಿಯ ನಡುವಿನ ಉದ್ದನೆಯ, ಒಂದೇ ಸಮನಾದ ಓಟದ ಮೇಲೆ. ಸರಕು ತುಂಬಿಸುವುದು, ಟಾರ್ಪಾಲಿನ್ ಬಿಗಿಯುವುದು, ಇಕ್ಕಟ್ಟಾದ ಗೋದಾಮಿಗೆ ಹಿಂದಕ್ಕೆ ತೆಗೆದುಕೊಳ್ಳುವುದು, ದಾರಿಯಲ್ಲಿ ಟೈರು ಒಡೆದರೆ ನಿಭಾಯಿಸುವುದು ಇವೆಲ್ಲ ಬಹಳ ಕಾಲ ಮನುಷ್ಯನ ಕೈಯಲ್ಲಿಯೇ ಉಳಿಯುತ್ತವೆ ಎಂಬುದು ನಮ್ಮ ಅಂದಾಜು. 2025ರಲ್ಲಿ ಅರೋರಾ ಎಂಬ ಕಂಪನಿ ಅಮೆರಿಕದ ಡಲ್ಲಾಸ್ ಮತ್ತು ಹ್ಯೂಸ್ಟನ್ ನಗರಗಳ ನಡುವೆ ಚಾಲಕನ ಸೀಟಿನಲ್ಲಿ ಯಾರೂ ಇಲ್ಲದ ಲಾರಿಗಳನ್ನು ಓಡಿಸಲು ತೊಡಗಿತು. ಕೆಲವೇ ವಾರಗಳಲ್ಲಿ ಲಾರಿಯ ತಯಾರಕರ ಕೋರಿಕೆಯ ಮೇರೆಗೆ ಆ ಸೀಟಿನಲ್ಲಿ ಮತ್ತೆ ಒಬ್ಬರನ್ನು ಕೂರಿಸಬೇಕಾಯಿತು. ಅವರು ವೀಕ್ಷಕರು, ಓಡಿಸುವುದು ಯಂತ್ರವೇ. ತಮ್ಮ ಮಗ ಲೈಸೆನ್ಸ್ ಪಡೆಯಲಿ, ಅದರ ಜೊತೆಗೆ ವಾಹನದ ವಿದ್ಯುತ್ ಮತ್ತು ಸೆನ್ಸರುಗಳ ರಿಪೇರಿಯನ್ನೂ ಕಲಿಯಲಿ. ಸುಮ್ಮನೆ ಕೂತು ನೋಡುವ ಆ ಸೀಟಿನ ಕೆಲಸವನ್ನು ಮಾತ್ರ ಯಾರಾದರೂ ಕರೆದು ಕೊಟ್ಟರೆ, ಅಪಘಾತವಾದಾಗ ಹೊಣೆ ಯಾರದೆಂಬುದನ್ನು ಲಿಖಿತವಾಗಿ ಪಡೆಯದೆ ಒಪ್ಪಿಕೊಳ್ಳುವುದು ಬೇಡ.